ಕತ್ತಿ ತೀಡೋ ಪಟ್ಟಿ

ಹತ್ತು ದಿನ ಊರಲ್ಲಿ ಇರ್ಲಿಲ್ಲ. ಸಾಗರದ ಜುಲೈ ಮಳೆ ಅಂದ್ರೆ ಗೊತ್ತಲ್ಲ, ಹಗಲು ರಾತ್ರಿ ಒಂದೇ ಸಮ ಹೊಯ್ದಿದೆ, ವಾಪಸ್ ಬಂದು ಕಪಾಟಿನ ಬಾಗ್ಲು ತೆಗೆದ್ರೆ ಮೊದ್ಲು ಮೂಗಿಗೆ ಬಡಿದಿದ್ದು ಮುಗ್ಗಲು ವಾಸನೆ, ಆಮೇಲೆ ಕಣ್ಣಿಗೆ ಬಿದ್ದಿದ್ದು ನನ್ನ ಸ್ಟ್ರಾಪ್, ಅಂದ್ರೆ ಶೇವಿಂಗ್ ಕತ್ತಿ ತೀಡೋ ಚರ್ಮದ ಪಟ್ಟಿ. ಚರ್ಮದ ಮೇಲೆ ಅಂಗೈ ಅಗಲಕ್ಕೆ ಬೆಳ್ಳಗೆ ಬೂಷ್ಟು. ಆರು ವರ್ಷದಿಂದ ದಿನಾ ಬೆಳಿಗ್ಗೆ ಕೈಯಲ್ಲಿ ಹಿಡಿದ ವಸ್ತು ಅದು, ಹೊಟ್ಟೆ ಚುರ್ ಅಂತು. ಅದನ್ನ ಜಗಲಿಗೆ ತಂದು ಒರೆಸ್ತಾ ಕೂತಾಗ ಅನ್ನಿಸ್ತು, ಈ ಪಟ್ಟಿ ಬಗ್ಗೆ ಒಂದ್ಸಲ ಕೂತು ಪೂರ್ತಿ ಬರೆದುಬಿಡ್ಬೇಕು ಅಂತ. ಹಳೇ ಕಾಲದ ಮಡಚೋ ಕತ್ತಿಯಲ್ಲಿ ಶೇವ್ ಮಾಡ್ಕೊಳ್ಳೋಕೆ ಶುರು ಮಾಡಿರೋ ಹುಡುಗ್ರು ಆಗಾಗ ಫೋನ್ ಮಾಡಿ ಕೇಳ್ತಾರೆ, ಯಾವ ಕತ್ತಿ ತಗೊಳ್ಳಲಿ, ಜರ್ಮನಿದಾ, ಇಂಗ್ಲೆಂಡಿನದಾ, ಯಾವ ಸೋಪು, ಯಾವ ಬ್ರಷ್ಷು. ಪಟ್ಟಿ ಬಗ್ಗೆ ಯಾರೂ ಕೇಳಲ್ಲ. ಎರಡು ತಿಂಗಳಾದ್ಮೇಲೆ ಅದೇ ಹುಡುಗ್ರು "ಅಣ್ಣಾ ಕತ್ತಿ ಎಳೀತಿದೆ, ಉರಿ ತಡ್ಕೊಳ್ಳಕ್ಕಾಗ್ತಿಲ್ಲ, ಬಿಟ್ಟುಬಿಟ್ಟೆ" ಅಂತಾರೆ. ತಪ್ಪು ಕತ್ತಿದಲ್ಲ, ನಾನು ನೋಡಿದ ಮಟ್ಟಿಗೆ ಹೆಚ್ಚಿನ ಸಲ ಅದು ಪಟ್ಟಿ ಹತ್ರ ಆದ ತಪ್ಪೇ.

ಕನ್ನಡದಲ್ಲಿ ಎರಡು ಚೆಂದದ ಮಾತಿದೆ, ಮಸೆಯೋದು ಮತ್ತೆ ತೀಡೋದು. ಕಲ್ಲಿನ ಮೇಲೆ ಮಸೀತೀವಿ, ಚರ್ಮದ ಮೇಲೆ ತೀಡ್ತೀವಿ. ಮಸೆದಾಗ ಉಕ್ಕು ಸವೆದು ಹೊಸ ಬಾಯಿ ಬರತ್ತೆ. ತೀಡಿದಾಗ ಉಕ್ಕು ಹೆಚ್ಚೇನೂ ಸವೆಯಲ್ಲ, ಇರೋ ಬಾಯೇ ನೆಟ್ಟಗಾಗತ್ತೆ, ಮೀಸೆ ತೀಡಿದಾಗ ಕೂದ್ಲು ಒಂದೇ ದಿಕ್ಕಿಗೆ ಕೂರತ್ತಲ್ಲ ಹಾಗೆ. ಕತ್ತಿಯ ಬಾಯಿ ಕಣ್ಣಿಗೆ ಕಾಣದಷ್ಟು ತೆಳು, ಒಂದು ಶೇವ್ ಆದ್ಮೇಲೆ ಅದು ಅಲ್ಲಲ್ಲಿ ಒಂಚೂರು ಬಾಗಿರತ್ತೆ, ಸೋಪಿನ ಪಸೆ ಕೂತಿರತ್ತೆ, ತೇವಕ್ಕೆ ತುಕ್ಕಿನ ಮೊದಲ ಪೊರೆ ಹತ್ತೋಕೆ ಶುರುವಾಗಿರತ್ತೆ. ಬಟ್ಟೆ ಮೇಲೆ ಎಳೆದಾಗ ಪಸೆ ಹೋಗತ್ತೆ, ಚರ್ಮದ ಮೇಲೆ ಎಳೆದಾಗ ಬಾಯಿ ಸರಿಯಾಗತ್ತೆ. ಇಷ್ಟೇ ಕೆಲಸ, ಆದ್ರೆ ದಿನಾ ಆಗ್ಬೇಕು. ದಿನಾ ಸರಿಯಾಗಿ ತೀಡಿದ್ರೆ ನನ್ನ ಗಡ್ಡಕ್ಕೆ ಮೂರು ನಾಲ್ಕು ತಿಂಗಳು ಕಲ್ಲು ಮುಟ್ಟೋ ಹಾಗೇ ಇಲ್ಲ. ತೀಡದೇ ಇದ್ರೆ ಮೂರನೇ ಶೇವಿಗೇ ಕೆನ್ನೆ ಹೇಳತ್ತೆ.

ಕೂದಲಿನಂಥ ಮೆತ್ತಗಿನ ವಸ್ತು ಉಕ್ಕನ್ನ ಹೇಗೆ ಹಾಳು ಮಾಡತ್ತೆ ಅಂತ ನನಗೂ ಮೊದ್ಲು ಆಶ್ಚರ್ಯ ಇತ್ತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವ್ರು ಇದನ್ನೇ ಕೂತು ನೋಡಿದ್ದಾರೆ, 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಬ್ಲೇಡಿನ ಉಕ್ಕಿಗಿಂತ ಕೂದ್ಲು ಸುಮಾರು 50 ಪಟ್ಟು ಮೆದು, ಆದ್ರೂ ಉಕ್ಕಿನ ಒಳಗಿನ ರಚನೆ ಎಲ್ಲಿ ಒಂದೇ ಸಮ ಇರಲ್ವೋ ಅಲ್ಲಿ, ಕೂದ್ಲು ಒಂದು ಕೋನದಲ್ಲಿ ಬಾಗಿ ಬಾಯಿಯ ಅಂಚಿಗೆ ಬಂದು ತಾಗಿದ್ರೆ, ಸಣ್ಣ ಚಕ್ಕೆ ಎದ್ದುಹೋಗತ್ತಂತೆ. ಹಾಗೆ ಎದ್ದ ಚಕ್ಕೆಯನ್ನ ಪಟ್ಟಿ ವಾಪಸ್ ತರಲ್ಲ, ಅದಕ್ಕೆ ಕಲ್ಲೇ ಆಗ್ಬೇಕು. ಪಟ್ಟಿ ಮೇಲೆ ನೂರು ಸಲ ಎಳೆದ್ರೂ ಮೊಂಡು ಕತ್ತಿ ಹರಿತ ಆಗಲ್ಲ ಅನ್ನೋದನ್ನ ಮೊದ್ಲೇ ತಿಳ್ಕೊಂಡಿದ್ರೆ ನಾನು ಒಂದು ವರ್ಷ ಸುಮ್ಮನೆ ಒದ್ದಾಡ್ತಿರ್ಲಿಲ್ಲ.

ನನಗೆ ಈ ಹುಚ್ಚು ಹತ್ತಿದ್ದು ಸಣ್ಣವನಿದ್ದಾಗಲೇ. ನಮ್ಮೂರಿಗೆ ಕ್ಷೌರದ ಅಜ್ಜ ಒಬ್ರು ಹದಿನೈದು ದಿನಕ್ಕೊಮ್ಮೆ ಹಡಪ ಹೆಗಲಿಗೆ ಹಾಕ್ಕೊಂಡು ಬರ್ತಿದ್ರು. ನಮ್ಮನೆ ಅಂಗಳದ ಹಲಸಿನ ಮರದ ಕೆಳಗೆ ಅಪ್ಪ, ದೊಡ್ಡಪ್ಪ, ಆಮೇಲೆ ನಾವು ಮಕ್ಕಳು ಸಾಲಾಗಿ. ಹಡಪ ಬಿಚ್ಚಿದ್ರೆ ಒಳಗೆ ಹಿತ್ತಾಳೆ ಬಟ್ಟಲು, ಪಟಿಕದ ತುಂಡು, ಕೂದ್ಲು ಕತ್ತರಿಸೋ ಕೈ ಮಷೀನು, ಅಂಗೈಯಗಲದ ಸಾಣೆ ಕಲ್ಲು, ಮರದ ಮಾರ್ಕಿನ ಜರ್ಮನ್ ಕತ್ತಿ, ಮತ್ತೆ ಸುರುಳಿ ಸುತ್ತಿಟ್ಟ ಚರ್ಮದ ಪಟ್ಟಿ. ಆ ಮರದ ಮಾರ್ಕು ಬೋಕರ್ ಕಂಪನಿಯದು, ಸೋಲಿಂಗೆನ್ ಊರಿನದು ಅಂತ ನನಗೆ ಗೊತ್ತಾಗಿದ್ದು ಇಪ್ಪತ್ತು ವರ್ಷ ಆದ್ಮೇಲೆ. ಅಜ್ಜ ಪಟ್ಟಿಯ ಒಂದು ತುದಿಯ ಬಳೆಯನ್ನ ಮರಕ್ಕೆ ಹೊಡೆದ ಮೊಳೆಗೆ ಸಿಕ್ಕಿಸಿ, ಇನ್ನೊಂದು ತುದಿ ಎಡಗೈಲಿ ಹಿಡಿದು, ಕತ್ತಿ ಆ ಕಡೆ ಈ ಕಡೆ ಎಳೆಯೋವಾಗ ಒಂದು ಸದ್ದು ಬರ್ತಿತ್ತು, ಝುಂಯ್, ಝುಂಯ್, ದುಂಬಿ ಹಾರಿದ ಹಾಗೆ. ಅಲಗು ಎರಡೂ ಕಡೆ ಒಳಗೆ ತೋಡಿ ಕಾಗದದಷ್ಟು ತೆಳ್ಳಗೆ ಮಾಡಿರೋ ಕತ್ತಿಗಳು ಮಾತ್ರ ಹಾಗೆ ಹಾಡೋದು, ದಪ್ಪ ಅಲಗಿನ ಹಳೇ ಇಂಗ್ಲಿಷ್ ಕತ್ತಿಗಳು ಹೆಚ್ಚುಕಡಿಮೆ ಸುಮ್ಮನಿರ್ತವೆ.

ಆಮೇಲೆ ಏಡ್ಸ್ ಬಗ್ಗೆ ತಿಳುವಳಿಕೆ ಬಂತು, ಎಲ್ಲಾ ಕಡೆ ಅರ್ಧ ಬ್ಲೇಡ್ ಸಿಕ್ಕಿಸೋ ಕತ್ತಿ ಬಂತು, ಒಬ್ರಿಗೆ ಒಂದು ಬ್ಲೇಡ್. ಅದು ಸರಿಯಾದ ಕೆಲಸವೇ. ಕತ್ತಿಯನ್ನ ಕುದಿಸಬಹುದು, ಸ್ಪಿರಿಟ್ಟಿನಲ್ಲಿ ಅದ್ದಬಹುದು, ಚರ್ಮದ ಪಟ್ಟಿಯನ್ನ ಹಾಗೆ ಶುದ್ಧ ಮಾಡೋಕಾಗಲ್ಲ, ಹಾಗಾಗಿ ಪಟ್ಟಿ ಯಾವತ್ತೂ ಒಬ್ಬರದೇ ಆಗಿರ್ಬೇಕು. ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ನಿಮ್ಮ ಸ್ಟ್ರಾಪನ್ನ ಅಣ್ಣತಮ್ಮಂದಿರಿಗೂ ಕೊಡ್ಬೇಡಿ. ಅಜ್ಜನ ಮಗ ಈಗ ಪೇಟೆಯಲ್ಲಿ ಸಲೂನ್ ಇಟ್ಟಿದ್ದಾರೆ, ಅಲ್ಲಿ ಪಟ್ಟಿ ಇಲ್ಲ. ಅಜ್ಜನಿಗೆ ಎಂಬತ್ತು ದಾಟಿದೆ, ಅವರ ಪಟ್ಟಿ ಮಾತ್ರ ಮನೆಯಲ್ಲಿ ಈಗಲೂ ಇದೆ.

ನನ್ನ ಮೊದಲನೇ ಸ್ಟ್ರಾಪ್ ಆನ್‌ಲೈನಲ್ಲಿ ತರಿಸಿದ್ದು. ಫೋಟೋದಲ್ಲಿ ಮಿರಮಿರ ಹೊಳೀತಿತ್ತು, ಅಪ್ಪಟ ಚರ್ಮ ಅಂತ ಬರೆದಿತ್ತು. ಬಂದಾಗ ನೋಡಿದ್ರೆ ಮೇಲೆ ಬಣ್ಣದ ಲೇಪ, ಒಳಗೆ ಮೆತ್ತಗೆ, ಎಳೆದ್ರೆ ರಬ್ಬರಿನ ಹಾಗೆ ಹಿಗ್ಗತ್ತೆ. ಆವಾಗ ನನಗೆ ಅದು ತಪ್ಪು ಅಂತ ಗೊತ್ತಿರ್ಲಿಲ್ಲ. ಈಗ ಯಾರಾದ್ರೂ ಪಟ್ಟಿ ತೋರಿಸಿದ್ರೆ ನಾನು ಮೊದ್ಲು ನೋಡೋದು ಅದರ ಕತ್ತರಿಸಿದ ಅಂಚನ್ನ. ತೊಗಟೆ ನೀರಲ್ಲಿ ಹದ ಮಾಡಿದ ಚರ್ಮ ಆದ್ರೆ ಅಂಚು ಮೇಲಿಂದ ಕೆಳಗಿನವರೆಗೂ ಕಂದು ಬಣ್ಣ, ನಾರುನಾರಾಗಿ ಒತ್ತಾಗಿರತ್ತೆ. ಕ್ರೋಮ್ ಉಪ್ಪಿನಲ್ಲಿ ಹದ ಮಾಡಿದ್ದಾದ್ರೆ ನಡುವೆ ನೀಲಿ ಬೂದು ಛಾಯೆ ಕಾಣತ್ತೆ, ಅದು ಮೆದು, ಹಿಗ್ಗೋದು ಜಾಸ್ತಿ. ರೆಕ್ಸಿನ್ ಆದ್ರಂತೂ ಕೆಳಗೆ ಬಟ್ಟೆ ಜಾಳಿಗೆ ಕಂಡೇ ಕಾಣತ್ತೆ. ಇನ್ನೊಂದು, ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ, ತೊಗಟೆಯಲ್ಲಿ ಹದ ಮಾಡಿದ ಲೇಪ ಇಲ್ಲದ ಚರ್ಮ ನೀರು ಕುಡಿದು ಆ ಜಾಗ ಕಪ್ಪಾಗತ್ತೆ, ಲೇಪ ಹಾಕಿದ್ದಾದ್ರೆ ಹನಿ ಕೆಸುವಿನೆಲೆ ಮೇಲಿದ್ದ ಹಾಗೆ ಜಾರತ್ತೆ. ಮೂಗಿಗೆ ಹಿಡಿದ್ರೂ ಗೊತ್ತಾಗತ್ತೆ, ಒಂದು ಮಣ್ಣು ಮರದ ವಾಸನೆ, ಇನ್ನೊಂದು ಹೊಸ ಬ್ಯಾಗಿನ ವಾಸನೆ.

ಆ ಮೊದಲನೇ ಪಟ್ಟಿಯನ್ನ ನಾನು ಒಂಬತ್ತನೇ ದಿನ ಕೊಯ್ದೆ. ಹೇಗೆ ಅಂತ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಕೊಯ್ಯೋದು ಹೀಗೇ. ಕತ್ತಿಯ ಬೆನ್ನು ಮುಂದೆ ಹೋಗ್ಬೇಕು, ಬಾಯಿ ಹಿಂದೆ ಬರ್ಬೇಕು. ತುದಿಗೆ ಬಂದಾಗ ಕತ್ತಿಯನ್ನ ಬೆನ್ನಿನ ಮೇಲೆ ಹೊರಳಿಸ್ಬೇಕು, ಬೆನ್ನು ಚರ್ಮ ಬಿಟ್ಟು ಏಳಲೇಬಾರ್ದು, ಬಾಯಿ ಗಾಳಿಯಲ್ಲಿ ಅರ್ಧ ಸುತ್ತು ಸುತ್ತಿ ಆ ಕಡೆ ಮಲಗ್ಬೇಕು, ಆಮೇಲೆ ವಾಪಸ್. ಮೊದ್ಲು ನಿಲ್ಲಿಸಿ, ಆಮೇಲೆ ಹೊರಳಿಸಿ, ಆಮೇಲೆ ಎಳೀರಿ, ಮೂರೂ ಬೇರೆ ಬೇರೆ. ನಾನು ಸಲೂನಿನವರ ಹಾಗೆ ವೇಗವಾಗಿ ಮಾಡೋಕೆ ಹೋಗಿ ಹೊರಳಿಸೋ ಮುಂಚೆಯೇ ವಾಪಸ್ ತಳ್ಳಿದೆ, ಬಾಯಿ ಮುಂದಾಗಿ ಹೋಯ್ತು, ಚರ್ಮದ ಮೇಲೆ ಬೆರಳಗಲದ ಸಿಪ್ಪೆ ಎದ್ದಿತು. ಸದ್ದು ಕೂಡ ನೆನಪಿದೆ, ಬಾಳೆ ದಿಂಡು ಕೊಯ್ದ ಹಾಗೆ ಚರಕ್ ಅಂತ.

ಎಣ್ಣೆ ಕತೆ ಆಮೇಲಿನದು. ನಮ್ಮ ಕಡೆ ಎಲ್ಲದಕ್ಕೂ ಕೊಬ್ಬರಿ ಎಣ್ಣೆ, ಬಾಗ್ಲು ಕಿರುಗುಟ್ಟಿದ್ರೂ ಅದೇ. ಚರ್ಮ ಒಣಗಿದ ಹಾಗೆ ಕಂಡಿತು ಅಂತ ಎರಡು ಚಮಚ ಹಾಕಿ ಚೆನ್ನಾಗಿ ತಿಕ್ಕಿಬಿಟ್ಟೆ. ಮಾರನೇ ದಿನ ಪಟ್ಟಿ ಕಪ್ಪಾಗಿತ್ತು, ಕೈಗೆ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗೆ, ಕತ್ತಿ ಇಟ್ರೆ ಜಾರಿ ಹೋಗ್ತಿತ್ತು, ಎಳೆತವೇ ಇಲ್ಲ. ಚಳಿಗಾಲ ಬಂದಾಗ ಇನ್ನೂ ಫಜೀತಿ, ಕೊಬ್ಬರಿ ಎಣ್ಣೆ 24 ಡಿಗ್ರಿ ಕೆಳಗೆ ಹೆಪ್ಪುಗಟ್ಟತ್ತಲ್ಲ, ಬೆಳಿಗ್ಗೆ ಪಟ್ಟಿ ಮೇಲೆ ಮೇಣದ ಹಾಗೆ ಕೂತಿರ್ತಿತ್ತು. ಆರು ತಿಂಗಳಿಗೆ ಕಮಟು ವಾಸನೆ ಶುರುವಾಯ್ತು. ಅದನ್ನ ಎತ್ಕೊಂಡು ಅಜ್ಜನ ಹತ್ರ ಹೋದೆ.

ಅಜ್ಜ ಪಟ್ಟಿನ ಕೈಗೆ ತಗೊಂಡು ಮೂಸಿ ನೋಡಿದ್ರು. "ಎಂತ ಹಾಕಿದ್ಯೋ ತಮ್ಮ ಇದಕ್ಕೆ?"

"ಕೊಬ್ರೆಣ್ಣೆ ಅಜ್ಜ."

"ಎಣ್ಣೆ ಯಾಕೆ ಮಾರಾಯ. ಕೈ ತೊಳ್ಕೊಂಡು ಬಾ."

ತೊಳೆದು ಒರೆಸ್ಕೊಂಡು ಬಂದೆ. ಅವರ ಪಟ್ಟಿ ಮೊಳೆಗೆ ಸಿಕ್ಕಿಸಿ ಕೊಟ್ರು, "ಅಂಗೈಯಲ್ಲಿ ಉಜ್ಜು" ಅಂದ್ರು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಹತ್ತು ಇಪ್ಪತ್ತು ಸಲ. ಅಂಗೈ ಬಿಸಿ ಆಯ್ತು, ಚರ್ಮವೂ ಬಿಸಿ ಆಯ್ತು, ನೋಡ್ತಾ ನೋಡ್ತಾ ಅದರ ಮೇಲೆ ಒಂದು ಮಂದ ಹೊಳಪು ಬಂತು. ಐವತ್ತು ವರ್ಷದಲ್ಲಿ ಆ ಪಟ್ಟಿಗೆ ಸಿಕ್ಕಿದ ಜಿಡ್ಡೆಲ್ಲ ಅಂಗೈಯದೇ ಅಂತೆ. ಬಣ್ಣ ಹಳೇ ಬೆಲ್ಲದ್ದು, ಮೇಲ್ಮೈ ಹುಣಸೆ ಬೀಜದ ಹಾಗೆ ನುಣುಪು, ಆದ್ರೆ ಕತ್ತಿ ಇಟ್ಟು ಎಳೆದ್ರೆ ಯಾರೋ ಮೆಲ್ಲಗೆ ಹಿಡ್ಕೊಂಡ ಹಾಗೆ ಎಳೆತ ಗೊತ್ತಾಗತ್ತೆ. ಆವತ್ತಿಂದ ನಾನು ಪಟ್ಟಿಗೆ ಎಣ್ಣೆ ಅಂತ ಹಾಕಿಲ್ಲ. ಗಾಳಿಗೆ ತೀರಾ ಒಣಗಿ ಗರಿಗರಿ ಆಗೋ ಊರಲ್ಲಿದ್ರೆ, ಬಳ್ಳಾರಿ ರಾಯಚೂರು ಕಡೆ ಬೇಸಿಗೆಯಲ್ಲಿ, ಚರ್ಮಕ್ಕೆ ಅಂತ ಮಾರೋ ನೀಟ್ಸ್‌ಫುಟ್ ಎಣ್ಣೆ ಎರಡೇ ಹನಿ, ವರ್ಷಕ್ಕೆ ಒಂದೋ ಎರಡೋ ಸಲ, ಅದೂ ಹಿಂಬದಿಗೆ. ಮಲೆನಾಡು ಕರಾವಳಿಯಲ್ಲಿ ಅದೂ ಬೇಡ.

ಆವತ್ತೇ ಇನ್ನೊಂದು ಕಲಿಸಿದ್ರು. ನಾನು ತೀಡೋದನ್ನ ನೋಡಿ "ಪಟ್ಟಿ ಹೊಟ್ಟೆ ಬಿಡ್ತಿದೆ, ಬಿಗಿ ಹಿಡಿ" ಅಂದ್ರು. ಪಟ್ಟಿ ಸಡಿಲ ಇದ್ರೆ ಕತ್ತಿಯ ಭಾರಕ್ಕೆ ನಡುವೆ ಜೋಲತ್ತೆ, ಆವಾಗ ಚರ್ಮ ಬಾಯಿಯ ಅಂಚನ್ನ ಸುತ್ತಿಕೊಂಡು ಮೇಲೆ ಬರತ್ತೆ, ದಿನಾ ಹೀಗಾದ್ರೆ ಬಾಯಿ ದುಂಡಗಾಗತ್ತೆ. ಕತ್ತಿಯ ಬೆನ್ನು ಮತ್ತೆ ಬಾಯಿ ಎರಡೂ ಚಪ್ಪಟೆಯಾಗಿ ಮಲಗಿದ್ರೇ ಅದರ ಕೋನ ಸರಿ ಉಳಿಯೋದು, ಅದು ಸುಮಾರು 16-17 ಡಿಗ್ರಿ, ಕತ್ತಿ ಮಾಡಿದವ್ರು ಬೆನ್ನಿನ ದಪ್ಪದಲ್ಲೇ ಆ ಕೋನ ಇಟ್ಟಿರ್ತಾರೆ. ಹಾಗಂತ ಹಗ್ಗ ಜಗ್ಗಾಟದ ಹಾಗೆ ಎಳೆದು ಹಿಡಿಯೋದೂ ಬೇಡ, ಜೋಲದಷ್ಟು ಸಾಕು. ಇನ್ನು ಭಾರ. ಕೈಯ ಭಾರ ಒಂಚೂರೂ ಹಾಕ್ಬಾರ್ದು, ಕತ್ತಿ ತನ್ನ ಭಾರದಲ್ಲೇ ಜಾರ್ಬೇಕು. ಜೋರಾಗಿ ಒತ್ತಿದ್ರೆ ಜಾಸ್ತಿ ಹರಿತ ಆಗತ್ತೆ ಅನ್ನೋ ನಂಬಿಕೆ ನನಗೂ ಇತ್ತು, ಕಲ್ಲಿನ ಮೇಲೆ ಎರಡು ಗಂಟೆ ಕಷ್ಟಪಟ್ಟು ತಂದ ಬಾಯಿಯನ್ನ ಪಟ್ಟಿ ಮೇಲೆ ಎರಡೇ ನಿಮಿಷದಲ್ಲಿ ಕಳ್ಕೊಳ್ಳೋ ದಾರಿ ಅದು.

ಆಮೇಲೆ ಹೊಸ ಪಟ್ಟಿ ಬೇಕಾಯ್ತಲ್ಲ, ಹೊರದೇಶದ್ದನ್ನ ತರಿಸೋಣ ಅಂತ ನೋಡಿದೆ. ಅಲ್ಲಿ ಚರ್ಮದಲ್ಲಿ ನೂರು ಬಗೆ. ದನದ ಚರ್ಮ, ಕುದುರೆ ಚರ್ಮ, ಕಾಂಗರೂ ಕೂಡ ಇದೆ, ಬರ್ಚ್ ಮರದ ಎಣ್ಣೆ ಹಾಕಿ ಹದ ಮಾಡಿದ ರಷ್ಯನ್ ಚರ್ಮ ಇದೆ, ಮತ್ತೆ ಎಲ್ಲಕ್ಕಿಂತ ಮೇಲೆ ಶೆಲ್ ಕಾರ್ಡೊವಾನ್ ಅಂತ ಒಂದಿದೆ, ಅದು ಕುದುರೆಯ ಹಿಂಭಾಗದ ಚರ್ಮದ ಒಳಪದರ. ಷಿಕಾಗೋದ ಹಾರ್ವೀನ್ ಅನ್ನೋ ಚರ್ಮದ ಕಾರ್ಖಾನೆ ಇದಕ್ಕೆ ಹೆಸರುವಾಸಿ, 1905ರಿಂದ ಇದೆ, ಒಂದು ಶೆಲ್ ಹದ ಆಗೋಕೆ ಆರು ತಿಂಗಳಾದ್ರೂ ಬೇಕು. ಗೆಳೆಯನ ಹತ್ರ ಒಂದಿದೆ, ಗಾಜಿನ ಮೇಲೆ ಎಳೆದ ಹಾಗೆ ಹೋಗತ್ತೆ, ಬಹಳ ಚೆನ್ನಾಗಿದೆ. ಆದ್ರೆ ಕಲಿಯೋವ್ರಿಗೆ ಅದನ್ನ ನಾನು ಹೇಳಲ್ಲ. ಮೊದಲನೇ ಪಟ್ಟಿಯನ್ನ ನೀವು ಕೊಯ್ದೇ ಕೊಯ್ತೀರಿ, ಅಷ್ಟು ಬೆಲೆಯ ಚರ್ಮ ಕೊಯ್ದ್ರೆ ಮನಸ್ಸು ಮುರಿಯತ್ತೆ.

ಆಗ ತಲೆಗೆ ಬಂದಿದ್ದು ಅಥಣಿ. ಕೊಲ್ಹಾಪುರಿ ಚಪ್ಪಲಿ ಅಂತ ನಾವು ಕರೆಯೋದನ್ನ ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆ ತಲೆತಲಾಂತರದಿಂದ ಮಾಡ್ತಾರೆ, 2019ರಲ್ಲಿ ಅದಕ್ಕೆ ಜಿಐ, ಅಂದ್ರೆ ಭೌಗೋಳಿಕ ಗುರುತಿನ ಮಾನ್ಯತೆ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದ್ವು. ಆ ಚಪ್ಪಲಿಯ ಚರ್ಮ ಹದ ಆಗೋದು ಸಾಂಪ್ರದಾಯಿಕವಾಗಿ ಜಾಲಿ ತೊಗಟೆ, ಅಳಲೆಕಾಯಿ ನೀರಲ್ಲಿ. ತೊಗಲನ್ನ ಚೀಲದ ಹಾಗೆ ಹೊಲಿದು, ಒಳಗೆ ಆ ನೀರು ತುಂಬಿ ನೇತುಹಾಕ್ತಾರೆ, ಒಗರು ನೀರು ಒಳಗಿಂದ ಹೊರಗೆ ಜಿನುಗ್ತಾ ಜಿನುಗ್ತಾ ಚರ್ಮ ಹದ ಆಗತ್ತೆ. ಸ್ಟ್ರಾಪಿಗೆ ಬೇಕಾಗಿರೋದು ಇಂಥದ್ದೇ ಚರ್ಮ. ಒಂದು ಮದುವೆಗೆ ಬೆಳಗಾವಿಗೆ ಹೋದಾಗ ಅಲ್ಲಿಂದ ಅಥಣಿಗೆ ಹೋದೆ.

ಚಪ್ಪಲಿ ಮಾಡೋ ಹಿರಿಯರೊಬ್ರು ಮನೆ ಮುಂದೆ ಕೂತು ಅಟ್ಟೆ ಹೊಲೀತಿದ್ರು. ವಿಷಯ ಹೇಳಿದೆ. ಅವರು ನನ್ನ ಮುಖ ಒಂದ್ಸಲ ನೋಡಿ "ಕತ್ತಿ ತೀಡಾಕೇನ್ರಿ? ನಮ್ಮಪ್ಪಾರ ಕಾಲದಾಗ ನಾವಿದರವ್ರು ಒಯ್ತಿದ್ರು ನೋಡ್ರಿ ಇಂಥಾವು" ಅಂದ್ರು. ಒಳಗೆ ಹೋಗಿ ಎಮ್ಮೆ ಚರ್ಮದ ಒಂದು ದೊಡ್ಡ ಹಾಳೆ ತಂದು ಹಾಸಿದ್ರು. ನಾನು ನೋಡೋಕೆ ಚೆಂದ ಇದ್ದ ಕಡೆ ಕೈ ತೋರಿಸಿದೆ. "ಅದು ಹೊಟ್ಟಿ ಭಾಗ್ರೀ, ಜಗ್ಗತೈತಿ. ಬೆನ್ನಿಂದ ತಗೋರಿ, ಉದ್ದಕ ಕೊಯ್ಯತೀನಿ, ಅಡ್ಡ ಬ್ಯಾಡ." ಈ ಒಂದು ಮಾತಿಗೆ ನಾನು ಅಷ್ಟು ದೂರ ಹೋಗಿದ್ದು ಸಾರ್ಥಕ ಆಯ್ತು. ಬೆನ್ನೆಲುಬಿನ ಉದ್ದಕ್ಕೆ ಕೊಯ್ದ ಪಟ್ಟಿ ಹಿಗ್ಗಲ್ಲ, ಹೊಟ್ಟೆ ಭಾಗದ್ದು ಆರು ತಿಂಗಳಿಗೆ ಬಾಳೆಎಲೆ ಹಾಗೆ ಅಲೆಅಲೆ ಆಗತ್ತೆ. ಹೆಚ್ಚುಕಡಿಮೆ ಮೂರುವರೆ ಮಿಲಿಮೀಟರ್ ದಪ್ಪ, ಎರಡೂವರೆ ಇಂಚು ಅಗಲ, ಇಪ್ಪತ್ತೆರಡು ಇಂಚು ಉದ್ದ ಕೊಯ್ದು ಕೊಟ್ರು. ತುದಿ ಮಡಚಿ ಹೊಲಿದು ಕಬ್ಬಿಣದ ಬಳೆಯನ್ನೂ ಹಾಕಿಕೊಟ್ರು, ಅದಕ್ಕೆ ದುಡ್ಡು ತಗೊಳ್ಳಿಲ್ಲ, ಚಹಾ ಬೇರೆ ಕುಡಿಸಿದ್ರು.

ಅಗಲದ ಬಗ್ಗೆ ಒಂದು ಮಾತು. ಕತ್ತಿಯ ಬಾಯಿ ಸುಮಾರು ಮೂರು ಇಂಚು ಉದ್ದ. ಮೂರು ಇಂಚಿನ ಪಟ್ಟಿ ಇದ್ರೆ ನೇರವಾಗಿ ಎಳೆದ್ರೂ ಪೂರ್ತಿ ಬಾಯಿ ತಾಗತ್ತೆ, ಎರಡೋ ಎರಡೂವರೆಯೋ ಇದ್ರೆ ಓರೆಯಾಗಿ ಎಳೀಬೇಕು, ಹಿಡಿ ಹತ್ರದ ಮೂಲೆಯಿಂದ ಶುರು ಮಾಡಿ ತುದಿ ಮೂಲೆ ತಾಗೋ ಹಾಗೆ, ಹೋಗ್ತಾ ಬರ್ತಾ ಸೇರಿದ್ರೆ ಗುಣಾಕಾರದ ಗುರುತಿನ ಹಾಗಾಗತ್ತೆ. ನನಗೆ ಇಷ್ಟ ಆಗೋದು ಎರಡೂವರೆಯೇ. ಓರೆಯಾಗಿ ಎಳೆಯೋ ಅಭ್ಯಾಸ ಆದ್ರೆ ಬಾಯಿ ಒಂಚೂರು ಬಾಗಿರೋ ಹಳೇ ಕತ್ತಿಗಳನ್ನೂ ತೀಡಬಹುದು. ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ ಅನ್ನೋವ್ರು ಮರದ ಹಲಗೆಗೆ ಚರ್ಮ ಅಂಟಿಸಿದ್ದನ್ನ ತಗೊಳ್ಳಿ, ಅದು ಹೊಟ್ಟೆ ಬಿಡೋ ಪ್ರಶ್ನೆಯೇ ಇಲ್ಲ, ಕಲಿಯೋಕೆ ಸುಲಭ, ಪ್ರಯಾಣಕ್ಕೂ ಆಗತ್ತೆ. ಝುಂಯ್ ಸದ್ದು ಮಾತ್ರ ಅಷ್ಟು ಚೆನ್ನಾಗಿ ಬರಲ್ಲ.

ಅಥಣಿಯಿಂದ ತಂದ ಚರ್ಮ ಮೊದ್ಲು ಒರಟಾಗಿತ್ತು, ಎಮ್ಮೆ ಚರ್ಮದ ಕಣ ದೊಡ್ಡದು. 600 ನಂಬರಿನ ಉಪ್ಪು ಕಾಗದದಲ್ಲಿ ಮೇಲ್ಮೈ ಮೆಲ್ಲಗೆ ಉಜ್ಜಿ, ಧೂಳು ಒಂದು ಕಣವೂ ಉಳಿಯದ ಹಾಗೆ ಒರೆಸಿ (ಉಪ್ಪು ಕಾಗದದ ಮರಳು ಒಂದು ಸಿಕ್ಕಿಕೊಂಡಿದ್ರೂ ಕತ್ತಿ ಬಾಯಿಗೆ ಕುತ್ತು), ಶೇವಿಂಗ್ ಸೋಪಿನ ನೊರೆಯನ್ನ ತೆಳ್ಳಗೆ ಸವರಿ ಅಂಗೈಯಲ್ಲಿ ತಿಕ್ಕಿದೆ, ಆಮೇಲೆ ಗಾಜಿನ ಬಾಟಲಿ ತಗೊಂಡು ಚಪಾತಿ ಲಟ್ಟಿಸೋ ಹಾಗೆ ಉರುಳಿಸಿದೆ. ನೊರೆ, ಬಾಟಲಿ ಎರಡೂ ಹಳೇ ಕ್ಷೌರಿಕರ ಪದ್ಧತಿಯೇ. ಒಂದು ವಾರ ದಿನಾ ರಾತ್ರಿ ಹತ್ತು ನಿಮಿಷ ಹೀಗೆ ಮಾಡಿದ ಮೇಲೆ ಕತ್ತಿ ಇಟ್ಟೆ. ಎಳೆತ ಜೋರಾಗಿತ್ತು, ಈಗ ಹದಕ್ಕೆ ಬಂದಿದೆ.

ಚರ್ಮದ ಜೊತೆ ಬಟ್ಟೆ ಪಟ್ಟಿಯೂ ಬೇಕು. ಹೊರದೇಶದಲ್ಲಿ ಲಿನನ್, ಕ್ಯಾನ್ವಾಸ್ ಬಳಸ್ತಾರೆ. ನಾನು ನವಾರು ಹಾಕಿದ್ದೀನಿ, ಹಳೇ ಮಂಚದ ಹತ್ತಿ ನವಾರು. ಅಜ್ಜಿಯ ಮಂಚ ಬಿಚ್ಚಿದಾಗ ಉಳಿದಿದ್ದು ಅಟ್ಟದ ಮೇಲೆ ಇತ್ತು, ಅಗಲ ಸರಿಯಾಗಿ ಎರಡೂವರೆ ಇಂಚು. ಬಿಸಿ ನೀರಲ್ಲಿ ಸೋಪು ಹಾಕಿ ಒಗೆದು, ಒಣಗಿಸಿ, ಬಾಟಲಿಯಲ್ಲಿ ಉಜ್ಜಿ ಮೆತ್ತಗೆ ಮಾಡಿದ್ರೆ ಇದಕ್ಕಿಂತ ಒಳ್ಳೇದು ಸಿಗಲ್ಲ. ನೈಲಾನಿಂದು ಬೇಡ, ಹತ್ತಿಯದೇ ಇರ್ಲಿ. ಬಟ್ಟೆ ಮೇಲೆ ಹೋಗಿ ಬಂದು ಇಪ್ಪತ್ತು ಸಲ, ಚರ್ಮದ ಮೇಲೆ ಐವತ್ತು ಸಲ, ಇದು ಶೇವಿಗೆ ಮೊದ್ಲು. ಶೇವ್ ಆದ್ಮೇಲೆ ಕತ್ತಿ ತೊಳೆದು ಒರೆಸಿ ಬಟ್ಟೆ ಮೇಲೆ ಹತ್ತು ಸಲ, ತೇವ ಹೋಗೋಕೆ. ಒದ್ದೆ ಕತ್ತಿಯನ್ನ ಚರ್ಮಕ್ಕೆ ಯಾವತ್ತೂ ಮುಟ್ಟಿಸ್ಬೇಡಿ.

ಪೇಸ್ಟ್ ಬಗ್ಗೆ ಬಹಳ ಗೊಂದಲ ಇದೆ. ಹಸಿರು ಪೇಸ್ಟ್ ಅಂದ್ರೆ ಕ್ರೋಮಿಯಂ ಆಕ್ಸೈಡ್, ಅರ್ಧ ಮೈಕ್ರಾನಿನ ಆಸುಪಾಸಿನ ಪುಡಿ, ಅದು ಉಕ್ಕನ್ನ ನಿಜವಾಗ್ಲೂ ಸವೆಸತ್ತೆ, ಹಾಗಾಗಿ ಅದು ಅರ್ಧ ಮಸೆಯೋ ಕೆಲಸ. ಬಾಯಿ ಸ್ವಲ್ಪ ಮಂಕಾದಾಗ ತಿಂಗಳಿಗೊಮ್ಮೆ ಹತ್ತು ಎಳೆತಕ್ಕೆ ಒಳ್ಳೇದು. ಆದ್ರೆ ದಿನಾ ತೀಡೋ ಚರ್ಮಕ್ಕೆ ಹಚ್ಚಬಾರ್ದು, ಹಚ್ಚಿದ್ರೆ ವಾಪಸ್ ತೆಗೆಯೋಕಾಗಲ್ಲ, ಚರ್ಮ ಕುಡಿದುಬಿಡತ್ತೆ. ಬೇರೆ ಒಂದು ಹಲಗೆ ಇಟ್ಕೊಳ್ಳಿ ಅದಕ್ಕೆ. ಎರಡೂ ಒಂದೇ ಕಡೆ ಇಡಲೂಬೇಡಿ, ಪುಡಿ ಹಾರತ್ತೆ.

ಕೊಯ್ದ ಪಟ್ಟಿ ಎಸೀಬೇಕಾಗಿಲ್ಲ. ಅಂಚಿನಲ್ಲಿ ಸಣ್ಣ ಗಾಯ ಆದ್ರೆ ಉಪ್ಪು ಕಾಗದದಲ್ಲಿ ಉಜ್ಜಿ ನುಣುಪು ಮಾಡಿ, ಬೆರಳಾಡಿಸಿದ್ರೆ ಏನೂ ತಾಗದೇ ಇದ್ರೆ ಕತ್ತಿಗೂ ತಾಗಲ್ಲ. ಸಿಪ್ಪೆ ಎದ್ದಿದ್ರೆ ಚಪ್ಪಲಿ ಅಂಟಿಸೋ ಅಂಟು ಕಡ್ಡಿ ತುದಿಯಲ್ಲಿ ಒಂಚೂರು ಒಳಗೆ ಸವರಿ, ಮೇಲೆ ಭಾರ ಇಟ್ಟು ಒಂದು ದಿನ ಬಿಟ್ಟು, ಆಮೇಲೆ ಉಜ್ಜಿ. ಅಂಟು ಹೊರಗೆ ಉಕ್ಕಿ ಗಟ್ಟಿಯಾಗಿ ಉಳೀಬಾರ್ದು. ನಡುಮಧ್ಯ ಆಳವಾಗಿ ಹೋಗಿದ್ರೆ ಮಾತ್ರ ಆ ಪಟ್ಟಿ ಬಿಡಿ, ಕತ್ತರಿಸಿ ಹಲಗೆಗೆ ಅಂಟಿಸ್ಕೊಳ್ಳಿ, ಪೇಸ್ಟಿಗಾಗತ್ತೆ. ನನ್ನ ಹಲಗೆ ಅದೇ ಎಣ್ಣೆ ಕುಡಿದ ಪಟ್ಟಿಯ ಎಣ್ಣೆ ತಾಗದ ಹಿಂಬದಿ.

ಪಟ್ಟಿ ಬೇಡ್ವೇ ಬೇಡ ಅಂತ ಜಗತ್ತು ಒಂದೇ ಸಲ ತೀರ್ಮಾನ ಮಾಡಿಲ್ಲ ಅನ್ನೋದು ನನಗೆ ಖುಷಿ ಕೊಡೋ ವಿಷಯ. ಜಿಲೆಟ್ ಎಸೆಯೋ ಬ್ಲೇಡ್ ತಂದ ಮೇಲೂ ಆಟೋಸ್ಟ್ರಾಪ್ ಅಂತ ಒಂದು ರೇಜರ್ ಬರ್ತಿತ್ತು, ಅದರ ತಲೆಯೊಳಗೇ ಚರ್ಮದ ಪಟ್ಟಿ ತೂರಿಸಿ ಹಿಂದೆ ಮುಂದೆ ಎಳೆದ್ರೆ ಬ್ಲೇಡ್ ತೀಡಿಕೊಳ್ತಿತ್ತು, 1930ರಲ್ಲಿ ಆ ಕಂಪನಿ ಜಿಲೆಟ್ ಜೊತೆಗೇ ಸೇರ್ಕೊಂಡಿತು. ಇಂಗ್ಲೆಂಡಿನ ರೋಲ್ಸ್ ರೇಜರ್ ಡಬ್ಬಿಯಲ್ಲಿ ಒಂದು ಮುಚ್ಚಳಕ್ಕೆ ಕಲ್ಲು, ಇನ್ನೊಂದಕ್ಕೆ ಚರ್ಮ.

ಸರಿ, ಬೂಷ್ಟಿನ ವಿಷಯಕ್ಕೆ ಬರ್ತೀನಿ. ತಪ್ಪು ನಂದೇ, ಊರಿಗೆ ಹೋಗೋವಾಗ ಧೂಳು ಬೀಳಬಾರ್ದು ಅಂತ ಪ್ಲಾಸ್ಟಿಕ್ ಕವರಿಗೆ ಹಾಕಿ ಕಪಾಟಲ್ಲಿ ಇಟ್ಟಿದ್ದೆ. ಚರ್ಮಕ್ಕೆ ಗಾಳಿ ಬೇಕು. ಬೂಷ್ಟು ಹಿಡಿದಾಗ ಮನೆ ಒಳಗೆ ಕೊಡವಬೇಡಿ, ಹೊರಗೆ ತನ್ನಿ, ಒಣ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಎಸೆದುಬಿಡಿ. ಆಮೇಲೆ ಮೆಡಿಕಲ್ ಶಾಪಲ್ಲಿ ಸಿಗೋ ಸ್ಪಿರಿಟ್ಟು, ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ, ಮೇಲ್ಮೈ ಒದ್ದೆಯಾಗದ ಹಾಗೆ ಸವರಿ. ಬಿಸಿಲಿಗೆ ಹಾಕಬಾರ್ದು, ಒಲೆ ಹತ್ರವೂ ಬೇಡ, ಚರ್ಮ ಗಟ್ಟಿಯಾಗಿ ಸೀಳು ಬಿಡತ್ತೆ. ನೆರಳಲ್ಲಿ ಫ್ಯಾನ್ ಗಾಳಿಗೆ ಎರಡು ದಿನ. ಬಚ್ಚಲುಮನೆಯಲ್ಲಿ ಪಟ್ಟಿ ನೇತುಹಾಕೋ ಅಭ್ಯಾಸ ಇದ್ರೆ ಇವತ್ತೇ ಬಿಡಿ, ಹಂಡೆ ನೀರಿನ ಹಬೆಗೆ ಕತ್ತಿ, ಪಟ್ಟಿ ಎರಡೂ ಉಳಿಯಲ್ಲ. ನಾನು ಈಗ ಮಲಗೋ ಕೋಣೆಯ ಒಳಗೋಡೆಗೆ ಮೊಳೆ ಹೊಡೆದಿದ್ದೀನಿ, ಹೊರಗೋಡೆ ಮಳೆಗಾಲದಲ್ಲಿ ತಣ್ಣಗೆ ಬೆವರತ್ತೆ. ಸುರುಳಿ ಸುತ್ತಲ್ಲ, ಮಡಚಲ್ಲ, ನೇರ ಇಳಿಬಿಟ್ಟಿರ್ತೀನಿ. ಎಲ್ಲಾದ್ರೂ ಹೋಗೋದಿದ್ರೆ ಹತ್ತಿ ಬಟ್ಟೆಯಲ್ಲಿ ಸಡಿಲ ಸುತ್ತಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಎರಡು.

ಇವತ್ತು ಮೂರನೇ ದಿನ. ಬೆಳಿಗ್ಗೆ ಕೈ ತೊಳೆದು ಒರೆಸ್ಕೊಂಡು ಅಂಗೈಯಲ್ಲಿ ಉಜ್ಜಿದೆ, ಮೊದಲ ಐದು ನಿಮಿಷ ಚರ್ಮ ಸತ್ತ ಹಾಗಿತ್ತು, ಆಮೇಲೆ ಬಿಸಿ ಹತ್ತಿತು, ಬೆಲ್ಲದ ಬಣ್ಣ ವಾಪಸ್ ಬಂತು. ಬೂಷ್ಟು ಇದ್ದ ಜಾಗದಲ್ಲಿ ಒಂದು ಮಸುಕು ಕಲೆ ಉಳಿದಿದೆ, ಬೆರಳಿಗೆ ಏನೂ ತಾಗಲ್ಲ. ನವಾರಿನ ಮೇಲೆ ಇಪ್ಪತ್ತು, ಚರ್ಮದ ಮೇಲೆ ಐವತ್ತು. ಎಳೆತ ಇನ್ನೂ ಒಂಚೂರು ಕಮ್ಮಿ ಇದೆ, ಸದ್ದು ಮಾತ್ರ ಮೊದಲಿನದೇ.